ಬಾಕ್ಸಿಂಗ್ ಕಣದ ಹೆಣ್ಣುಮಗಳು ಮತ್ತು ನಾವು ಬಿಡದ ಸೂತಕಗಳು

(ಶಿರಸಿ ತಾಲೂಕಿನ ಹುಲಗೋಳದಲ್ಲಿ ನಡೆದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ದೈಹಿಕ ಶಿಕ್ಷಕಿಯೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

ಸಂಘಟಕರು ನನಗೆ ಕೊಟ್ಟ ವಿಷಯ ‘ಮಹಿಳೆ ಮತ್ತು ಕ್ರೀಡೆ’. ವ್ಯಾಯಾಮದಿಂದ ಆರೋಗ್ಯ, ಆರೋಗ್ಯವೇ ಭಾಗ್ಯ ಎಂದು ಅರ್ಧ ಗಂಟೆ ಮಾತನಾಡಿದರೆ ಯಾರೂ ಬೇಡವೆನ್ನುವುದಿಲ್ಲ. ಚಪ್ಪಾಳೆ ತಟ್ಟಿ ಪ್ರಸಾದಕ್ಕೆ ಏಳುತ್ತೀರಿ. ಅದರಿಂದ ಯಾವ ಹುಡುಗಿಗೂ ಉಪಯೋಗವಾಗುವುದಿಲ್ಲ. ಆದ್ದರಿಂದ ನಮ್ಮಲ್ಲಿ ಸುಲಭವಾಗಿ ಒಪ್ಪಿಗೆಯಾಗದ ಒಂದು ಆಟವನ್ನೇ ತೆಗೆದುಕೊಂಡಿದ್ದೇನೆ. ಅದು ಬಾಕ್ಸಿಂಗ್. ನಮ್ಮ ಮನೆಯ ಮಗಳು ಬಂದು ‘ನಾನು ಬಾಕ್ಸಿಂಗ್ ಕಲಿಯುತ್ತೇನೆ, ಅದನ್ನೇ ನನ್ನ ಬದುಕು ಮಾಡಿಕೊಳ್ಳುತ್ತೇನೆ’ ಎಂದರೆ ಲಿಂಗಾಯತ ತಂದೆತಾಯಿ ಏನು ಹೇಳಬೇಕು? ಬಸವತತ್ವವನ್ನು ಒಪ್ಪಿದವರಾಗಿ ನಮ್ಮ ಉತ್ತರ ಏನಿರಬೇಕು? ಇಷ್ಟೇ ನನ್ನ ಪ್ರಶ್ನೆ.

ಮೊದಲು ಈ ಆಟ ಏನೆಂದು ತಿಳಿಯೋಣ. ಸಿನಿಮಾ ನೋಡಿದವರಿಗೆ ರಕ್ತ ಮತ್ತು ಕಿರುಚಾಟ ಮಾತ್ರ ನೆನಪಿರುತ್ತದೆ. ಕಲಿಯಲು ಹೋದ ಹುಡುಗಿ ಶುರುವಿನಲ್ಲಿ ಯಾರನ್ನೂ ಹೊಡೆಯುವುದಿಲ್ಲ. ಓಡುತ್ತಾಳೆ, ಹಗ್ಗ ಜಿಗಿಯುತ್ತಾಳೆ, ಹೆಜ್ಜೆ ಇಡುವುದನ್ನು ಕಲಿಯುತ್ತಾಳೆ, ಎರಡು ಕೈಯಿಂದ ಗದ್ದ ಕಾಯುವುದನ್ನು ಕಲಿಯುತ್ತಾಳೆ. ಪಂದ್ಯಕ್ಕೆ ಮೊದಲು ತೂಕ ನೋಡುತ್ತಾರೆ. ತನ್ನ ತೂಕದವಳ ಜೊತೆಗೆ ಮಾತ್ರ ಅವಳ ಪಂದ್ಯ. ಮಹಿಳೆಯರ ಹವ್ಯಾಸಿ ಪಂದ್ಯದಲ್ಲಿ ಮೂರು ನಿಮಿಷದ ಮೂರು ಸುತ್ತುಗಳು, ನಡುವೆ ಒಂದು ನಿಮಿಷ ವಿಶ್ರಾಂತಿ. ತಲೆಗೆ ಕವಚ, ಹಲ್ಲಿಗೆ ಗಾರ್ಡ್, ಕೈಗೆ ಪಟ್ಟಿ ಸುತ್ತಿ ಅದರ ಮೇಲೆ ಗ್ಲೌಸ್. ಸೊಂಟದ ಕೆಳಗೆ, ಬೆನ್ನಿಗೆ, ತಲೆಯ ಹಿಂದೆ ಹೊಡೆಯುವಂತಿಲ್ಲ. ಏಟು ತಿಂದು ತತ್ತರಿಸಿದರೆ ರೆಫರಿ ಆಟ ನಿಲ್ಲಿಸಿ ಎಂಟರವರೆಗೆ ಎಣಿಸುತ್ತಾರೆ. ಅಷ್ಟರಲ್ಲಿ ಚೇತರಿಸಿಕೊಳ್ಳದಿದ್ದರೆ ಪಂದ್ಯ ಅಲ್ಲಿಗೇ ಮುಗಿಯಿತು.

ವೃತ್ತಿಪರ ಬಾಕ್ಸಿಂಗ್ ಇನ್ನೂ ಕಠಿಣ. ಅಲ್ಲಿ ತಲೆಗವಚ ಇಲ್ಲ. ಮಹಿಳೆಯರಿಗೆ ಸಾಮಾನ್ಯವಾಗಿ ಎರಡು ನಿಮಿಷದ ಸುತ್ತುಗಳು, ದೊಡ್ಡ ಪಟ್ಟದ ಪಂದ್ಯವಾದರೆ ಹತ್ತು ಸುತ್ತು. ಅಲ್ಲಿ ಪದಕಕ್ಕಾಗಿ ಆಡುವುದಿಲ್ಲ, ಅದು ದುಡಿಮೆ. ಮಣಿಪುರದ ಸರಿತಾ ದೇವಿಯವರ ಹೆಸರು ಕೆಲವರಿಗೆ ನೆನಪಿರಬಹುದು. 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದ ಸೆಮಿಫೈನಲ್‌ನಲ್ಲಿ ತಮಗೆ ಅನ್ಯಾಯದ ತೀರ್ಪು ಬಂತೆಂದು, ಪದಕ ಕೊಡುವ ವೇದಿಕೆಯಲ್ಲಿ ಕಂಚನ್ನು ಕೊರಳಿಗೆ ಹಾಕಿಕೊಳ್ಳದೆ ಅತ್ತವರು ಅವರು. ಅದಕ್ಕೆ ಒಂದು ವರ್ಷದ ನಿಷೇಧ ಅನುಭವಿಸಿದರು. 2017ರ ಜನವರಿಯಲ್ಲಿ ಇಂಫಾಲದಲ್ಲಿ ವೃತ್ತಿಪರ ಬಾಕ್ಸರ್ ಆಗಿ ಮೊದಲ ಪಂದ್ಯ ಆಡಿ ಗೆದ್ದರು. ಆಗ ಅವರು ಒಬ್ಬ ಮಗನ ತಾಯಿ.

ಅದೇ ಮಣಿಪುರದ ಮೇರಿ ಕೋಮ್ ಎಲ್ಲರಿಗೂ ಗೊತ್ತು. 2014ರಲ್ಲಿ ಬಂದ ಹಿಂದಿ ಚಿತ್ರವನ್ನು ಇಲ್ಲಿ ಕುಳಿತ ಹುಡುಗಿಯರು ನೋಡಿದ್ದೀರಿ. ಅವರ ತಂದೆತಾಯಿ ಗೇಣಿಗೆ ಹೊಲ ಮಾಡುವವರು. 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ತಮ್ಮ ರಾಜ್ಯದ ಡಿಂಕೊ ಸಿಂಗ್ ಬಾಕ್ಸಿಂಗ್ ಚಿನ್ನ ಗೆದ್ದದ್ದು ಈ ಹುಡುಗಿಗೆ ಹುಚ್ಚು ಹಿಡಿಸಿತು. ಮನೆಯಲ್ಲಿ ಹೇಳದೆ ಬಾಕ್ಸಿಂಗ್ ಕಲಿತಳು. 2000ದಲ್ಲಿ ರಾಜ್ಯ ಮಟ್ಟದ ಪಂದ್ಯ ಗೆದ್ದಾಗ ಪತ್ರಿಕೆಯಲ್ಲಿ ಬಂದ ಫೋಟೋ ನೋಡಿಯೇ ಅಪ್ಪನಿಗೆ ವಿಷಯ ತಿಳಿದದ್ದು. ಆ ಅಪ್ಪ ಸ್ವತಃ ಕುಸ್ತಿ ಆಡಿದವರು. ಆದರೂ ವಿರೋಧಿಸಿದರು. ಕಾರಣ, ಮುಖಕ್ಕೆ ಏಟು ಬಿದ್ದರೆ ಮಗಳಿಗೆ ಗಂಡು ಸಿಕ್ಕುವುದಿಲ್ಲ ಎಂಬ ಭಯ. ಮುಂದಿನದು ಇತಿಹಾಸ: 2002ರಿಂದ 2018ರವರೆಗೆ ಆರು ಸಲ ವಿಶ್ವ ಚಾಂಪಿಯನ್, 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕಂಚು. 2007ರಲ್ಲಿ ಅವಳಿ ಮಕ್ಕಳಾದವು. 2008ರಲ್ಲಿ ಮತ್ತೆ ವಿಶ್ವ ಚಾಂಪಿಯನ್ ಆದರು. ಆ ವರ್ಷಗಳಲ್ಲಿ ಮಕ್ಕಳನ್ನು ನೋಡಿಕೊಂಡವರು ಅವರ ಪತಿ. ಚಿತ್ರದಲ್ಲಿ ಹುಡುಗಿಯರು ಗುದ್ದಾಟದ ದೃಶ್ಯಕ್ಕೆ ಸೀಟಿ ಹೊಡೆಯುತ್ತಾರೆ. ನಮ್ಮ ಅಣ್ಣಂದಿರು ಮಗುವನ್ನು ಎತ್ತಿಕೊಂಡ ಆ ಗಂಡಸನ್ನು ಸ್ವಲ್ಪ ಗಮನಿಸಬೇಕು.

ಮಣಿಪುರ ದೂರವಾಯಿತು ಎನ್ನುವಿರಾ? ನಮ್ಮ ಬೀದರದ ಗಡಿಯಾಚೆಗಿನ ನಿಜಾಮಾಬಾದಿಗೆ ಬನ್ನಿ. ನಿಖತ್ ಜರೀನ್ ಅಲ್ಲಿನ ಹುಡುಗಿ. ಓಟಕ್ಕೆಂದು ಅಪ್ಪನ ಜೊತೆ ಮೈದಾನಕ್ಕೆ ಹೋದವಳು, ಬಾಕ್ಸಿಂಗಿನಲ್ಲಿ ಹುಡುಗಿಯರೇ ಇಲ್ಲವಲ್ಲ, ಯಾಕೆ ಎಂದು ಕೇಳಿದಳು. ಅಪ್ಪ ಮಗಳ ಬೆನ್ನಿಗೆ ನಿಂತರು. ಅಭ್ಯಾಸದಲ್ಲಿ ಮೂಗು, ಕಣ್ಣು ಊದಿಸಿಕೊಂಡು ಮನೆಗೆ ಬಂದಾಗ ತಾಯಿ ಗಾಬರಿಯಾಗಿ, ನಿನ್ನನ್ನು ಯಾರು ಮದುವೆಯಾಗುತ್ತಾರೆ ಎಂದು ಅತ್ತರಂತೆ. ಹೆಸರು ಬಂದರೆ ಗಂಡುಗಳು ಸಾಲು ನಿಲ್ಲುತ್ತಾರೆ ಎಂದು ಮಗಳು ಸಮಾಧಾನ ಮಾಡಿದಳು. 2022ರಲ್ಲಿ ಇಸ್ತಾಂಬುಲ್‌ನಲ್ಲಿ, 2023ರಲ್ಲಿ ದೆಹಲಿಯಲ್ಲಿ ಅವಳು ವಿಶ್ವ ಚಾಂಪಿಯನ್.

ಮಣಿಪುರದ ಕ್ರೈಸ್ತ ಅಪ್ಪ, ತೆಲಂಗಾಣದ ಮುಸ್ಲಿಂ ತಾಯಿ. ಭಾಷೆ ಬೇರೆ, ಧರ್ಮ ಬೇರೆ, ಭಯ ಮಾತ್ರ ಒಂದೇ. ಈಗ ನಮ್ಮ ಕಡೆಗೆ ಬರೋಣ.

ನಾನು ಕಲಿಸಿದ ಒಬ್ಬ ಹುಡುಗಿ ಇದ್ದಾಳೆ. ಹೆಸರು ಹೇಳುವುದಿಲ್ಲ. ಅವಳ ತಾಯಿ ಈ ಸಭೆಯಲ್ಲಿದ್ದಾರೆ, ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಹೈಸ್ಕೂಲಿನಲ್ಲಿ ಕಬಡ್ಡಿ ಆಡುತ್ತಿದ್ದವಳು ಕಾಲೇಜಿಗೆಂದು ಧಾರವಾಡಕ್ಕೆ ಹೋದಳು, ಅಲ್ಲಿ ಬಾಕ್ಸಿಂಗ್ ಕಲಿತಳು. ರಾಜ್ಯ ಮಟ್ಟಕ್ಕೂ ಹೋದಳು. ಕಳೆದ ವರ್ಷ ಗೌರಿ ಹಬ್ಬಕ್ಕೆ ಊರಿಗೆ ಬಂದಾಗ ಎಡಗಣ್ಣಿನ ಕೆಳಗೆ ಕಪ್ಪಾಗಿತ್ತು. ಹಬ್ಬದ ಮನೆಯಲ್ಲಿ ಪದಕದ ವಿಷಯ ಯಾರೂ ಕೇಳಲಿಲ್ಲ. ನೋಡಲು ಬರಬೇಕಿದ್ದ ಗಂಡಿನ ಕಡೆಯವರು ವಿಷಯ ತಿಳಿದು ಬರಲೇ ಇಲ್ಲ. ‘ಅಕ್ಕೋರೇ, ನೀವಾದರೂ ಅವಳಿಗೆ ಬುದ್ಧಿ ಹೇಳಿ’ ಎಂದು ತಂದೆ ನನ್ನ ಬಳಿ ಬಂದರು. ಅವರು ಕೆಟ್ಟವರಲ್ಲ. ಮನೆಯಲ್ಲಿ ಬಸವಣ್ಣನವರ ಫೋಟೋ ಇದೆ, ದಿನಾ ಲಿಂಗಪೂಜೆ ಇದೆ. ಮಗಳನ್ನು ಪ್ರೀತಿಸುವ ಮನುಷ್ಯ. ಹುಡುಗಿ ಈಗ ಆಟ ಮುಂದುವರಿಸಬೇಕೋ ಬಿಡಬೇಕೋ ಎಂಬಲ್ಲಿ ನಿಂತಿದ್ದಾಳೆ. ಆ ತಂದೆಗೆ ಅವತ್ತು ನಾನು ಹೇಳಿದ್ದನ್ನೇ ಇಲ್ಲಿ ವಿಸ್ತರಿಸಿ ಹೇಳುತ್ತೇನೆ. ಆ ಹುಡುಗಿಯನ್ನು ತಡೆಯುತ್ತಿರುವುದು ಬಾಕ್ಸಿಂಗಿನ ಏಟಿಗಿಂತ ಹೆಚ್ಚಾಗಿ, ಶರಣರು ಕಿತ್ತೊಗೆದ ಎರಡು ಸೂತಕಗಳು.

ಪಂಚಸೂತಕಗಳು ನಿಮಗೆ ಗೊತ್ತು: ಜನನ, ಮರಣ, ರಜಸ್ಸು, ಎಂಜಲು, ಜಾತಿ. ಲಿಂಗವನ್ನು ಮೈಮೇಲೆ ಧರಿಸಿದವರಿಗೆ ಈ ಐದೂ ಇಲ್ಲ ಎಂದು ಶರಣರು ಸಾರಿದರು. ಮೊದಲು ರಜಸ್ಸೂತಕ ನೋಡೋಣ.

ಹೆಣ್ಣಿನ ಮೈ ತಿಂಗಳಿಗೊಮ್ಮೆ ಮೈಲಿಗೆ, ಆದ್ದರಿಂದ ಅವಳು ಪೂಜೆಗೆ ಅರ್ಹಳಲ್ಲ ಎಂಬುದು ಹಳೆಯ ಮಾತು. ಇದು ನಮ್ಮ ದೇಶದ ಮೂಢರು ಮಾತ್ರ ಆಡಿದ ಮಾತು ಎಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ ಜೇನ್ ಕೌಚ್ ಎಂಬ ಮಹಿಳೆ ಇದ್ದರು. 1996ರಲ್ಲೇ ಹೊರದೇಶದಲ್ಲಿ ವಿಶ್ವ ಪಟ್ಟ ಗೆದ್ದಿದ್ದರು. ಆದರೆ ಅವರದೇ ದೇಶದ ವೃತ್ತಿಪರ ಬಾಕ್ಸಿಂಗ್ ಮಂಡಳಿ ಅವರಿಗೆ ಲೈಸೆನ್ಸ್ ಕೊಡಲಿಲ್ಲ. ಅವರು ನ್ಯಾಯಮಂಡಳಿಗೆ ಹೋದರು. ಬಾಕ್ಸಿಂಗ್ ಮಂಡಳಿ ಮುಂದಿಟ್ಟ ಕಾರಣಗಳಲ್ಲಿ ಒಂದು ಏನು ಗೊತ್ತೇ? ಮುಟ್ಟಿನ ಸಮಯದಲ್ಲಿ ಹೆಂಗಸರ ಮನಸ್ಸು ಸ್ಥಿಮಿತದಲ್ಲಿರುವುದಿಲ್ಲ, ಆದ್ದರಿಂದ ಅವರು ಕಣಕ್ಕೆ ತಕ್ಕವರಲ್ಲ! 1998ರಲ್ಲಿ, ಲಂಡನ್ ಇರುವ ದೇಶದಲ್ಲಿ, ಓದಿದವರ ಬಾಯಲ್ಲಿ ರಜಸ್ಸೂತಕ. ನ್ಯಾಯಮಂಡಳಿ ಅದನ್ನು ಒಪ್ಪಲಿಲ್ಲ, ಜೇನ್ ಕೌಚ್ ಗೆದ್ದರು. ಒಲಿಂಪಿಕ್ಸ್ ಕಥೆಯೂ ಅಷ್ಟೇ. ಗಂಡಸರ ಬಾಕ್ಸಿಂಗ್ 1904ರಲ್ಲಿ ಅಲ್ಲಿಗೆ ಬಂತು, ಹೆಂಗಸರದು 2012ರಲ್ಲಿ. ನಡುವೆ 108 ವರ್ಷ.

ಹೊರಗಿನವರು ತಡಮಾಡಿದರು ಎಂದು ನಾವು ನಗುವ ಹಾಗಿಲ್ಲ. ಹನ್ನೆರಡನೆಯ ಶತಮಾನದಲ್ಲೇ ಈ ಸೂತಕ ಬಿಟ್ಟ ಧರ್ಮ ನಮ್ಮದು. ಇಲ್ಲಿಂದ ಘಟ್ಟದ ಅಂಚು ಹಿಡಿದು ಹೋದರೆ ಅಲ್ಲಮಪ್ರಭುಗಳ ಬಳ್ಳಿಗಾವೆ, ಅಕ್ಕಮಹಾದೇವಿಯ ಉಡುತಡಿ. ಅಕ್ಕ ಹುಟ್ಟಿದ ಸೀಮೆಯ ಪಕ್ಕದಲ್ಲೇ ಇದ್ದು ಇವತ್ತಿಗೂ ಎಷ್ಟು ಮನೆಗಳಲ್ಲಿ ಹೆಣ್ಣುಮಗು ಆ ಮೂರು ದಿನ ಕರಡಿಗೆ ಮುಟ್ಟದೆ ಹಿತ್ತಲ ಕೋಣೆಯಲ್ಲಿ ಕೂರುತ್ತದೆ, ನಿಮಗೇ ಗೊತ್ತು. ಶಾಲೆಯಲ್ಲಿ ಆಟದ ಪೀರಿಯಡ್ ಬಂದರೆ ಆ ಮಗು ಹೊಟ್ಟೆನೋವೆಂದು ಮರದಡಿ ಕೂರುವುದನ್ನು ಮೂವತ್ತು ವರ್ಷ ನೋಡಿದ್ದೇನೆ. ನಿಜವಾಗಿ ನೋವಿದ್ದವರಿಗೆ ವಿಶ್ರಾಂತಿ ಕೊಡಲೇಬೇಕು. ಆದರೆ ಬಹಳ ಮಕ್ಕಳು ಕೂರುತ್ತಿದ್ದದ್ದು ನಾಚಿಕೆಯಿಂದ. ತನ್ನ ಮೈಯೆಂದರೆ ಮುಚ್ಚಿಡಬೇಕಾದ ವಸ್ತು ಎಂದು ಕಲಿತ ಮಗು ಬಾಕ್ಸಿಂಗ್ ಇರಲಿ, ಓಟದಲ್ಲಿಯೂ ಪೂರ್ತಿ ಕಾಲು ಚಾಚಿ ಓಡುವುದಿಲ್ಲ.

ಇನ್ನು ಹೆಣ್ಣಿನ ಮೈ ಮೃದು, ಏಟು ತಾಳಲಾರದು ಎನ್ನುವವರಿಗೆ ಒಂದು ಮಾತು. ನಮ್ಮ ಅಡಿಕೆ ತೋಟಗಳಿಗೆ ಗೊಬ್ಬರದ ಬುಟ್ಟಿ ಹೊರುವವರು ಯಾರು? ಬೆಟ್ಟದಿಂದ ಸೊಪ್ಪಿನ ಹೊರೆ, ಒಣ ದರಕಿನ ಹೊರೆ ತಲೆಯ ಮೇಲಿಟ್ಟು ಆ ಇಳಿಜಾರಿನಲ್ಲಿ ಮಳೆಗಾಲದ ಜಾರಿನಲ್ಲೂ ಇಳಿಯುವವರು ಯಾರು? ಆಗ ಯಾರಿಗೂ ಹೆಣ್ಣಿನ ಮೈ ಮೃದು ಅನ್ನಿಸುವುದಿಲ್ಲ. ಅದೇ ಮೈ ತನಗಾಗಿ, ತನ್ನ ಹೆಸರಿಗಾಗಿ ಬೆವರು ಸುರಿಸಲು ಹೊರಟಾಗ ಮಾತ್ರ ನಮಗೆ ಮೃದುತ್ವ ನೆನಪಾಗುತ್ತದೆ.

ಎರಡನೆಯದು ಜಾತಿಸೂತಕ. ಇದನ್ನು ಸ್ವಲ್ಪ ನೇರವಾಗಿಯೇ ಹೇಳುತ್ತೇನೆ, ಬೇಸರಿಸಬಾರದು. ನಮ್ಮ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಾಡಂಚಿನಲ್ಲಿ ಸಿದ್ದಿ ಜನ ಇದ್ದಾರೆ. ಅವರ ಹೆಣ್ಣುಮಕ್ಕಳು ಓಟದಲ್ಲಿ, ಕುಸ್ತಿಯಲ್ಲಿ ಹೆಸರು ಮಾಡಿದ್ದಾರೆ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಡಲು ಶುರು ಮಾಡಿತು. ಕಮಲಾ ಬಾಬು ಸಿದ್ದಿಯವರು ರಾಷ್ಟ್ರ ಮಟ್ಟದ ಅಥ್ಲೀಟ್ ಆದದ್ದು ಹಾಗೆ. ಅವರ ಸುದ್ದಿ ಬಂದಾಗಲೆಲ್ಲ ನಮ್ಮ ಜನ ಆಡುವ ಮಾತು ಒಂದೇ: ‘ಅವರ ಮೈಕಟ್ಟೇ ಹಾಗೆ, ಅವರಿಗೆ ಸರಿ. ನಮ್ಮ ಮಕ್ಕಳಿಗೆ ಅದೆಲ್ಲ ಒಗ್ಗುವುದಿಲ್ಲ.’

ಈ ಮಾತು ಹೊಗಳಿಕೆಯ ಹಾಗೆ ಕೇಳುತ್ತದೆ. ಬಿಡಿಸಿ ನೋಡಿದರೆ ಒಳಗೆ ಜಾತಿ ಇದೆ. ಹುಟ್ಟಿನಿಂದಲೇ ಯಾರು ಯಾವ ಕೆಲಸಕ್ಕೆ ಎಂದು ನಿಶ್ಚಯವಾಗಿದೆ ಎಂಬ ಮಾತನ್ನೇ ಅಲ್ಲವೇ ಕಲ್ಯಾಣದಲ್ಲಿ ಶರಣರು ಮುರಿದದ್ದು? ಸಿದ್ದಿ ಮಕ್ಕಳ ವಿಷಯದಲ್ಲಿಯೂ ಅದು ಸುಳ್ಳು. 1990ರ ದಶಕದ ಆರಂಭದಲ್ಲಿ ಆ ಯೋಜನೆ ನಿಂತಿತು. ಮೈಕಟ್ಟಿನಿಂದಲೇ ಗೆಲುವು ಬರುವುದಾದರೆ ಯೋಜನೆ ನಿಂತ ಮೇಲೂ ಬರಬೇಕಿತ್ತು. ಅದೇ ಜನ, ಅದೇ ಮೈಕಟ್ಟು. ಆದರೆ ಅಂಥ ಹೆಸರುಗಳು ಬಹಳ ಕಾಲ ಅಪರೂಪವಾದವು. ಹಾಸ್ಟೆಲು, ಹೊಟ್ಟೆತುಂಬ ಊಟ, ತಿದ್ದುವ ಗುರು, ನಿತ್ಯದ ಅಭ್ಯಾಸ ಇದ್ದಾಗ ಬಂತು, ಇಲ್ಲದಾಗ ನಿಂತಿತು. ಆ ಹುಡುಗಿಯರು ಗೆದ್ದದ್ದು ದುಡಿದು. ಅವರ ದುಡಿಮೆಯನ್ನು ರಕ್ತದ ಗುಣ ಎಂದು ತಳ್ಳಿಹಾಕಿದರೆ ಅವರ ಕಾಯಕಕ್ಕೂ ಅವಮಾನ, ನಮ್ಮ ಮಕ್ಕಳಿಗೂ ನಷ್ಟ.

ನಮ್ಮ ಮಕ್ಕಳಿಗೆ ಒಗ್ಗುವುದಿಲ್ಲ ಎನ್ನುವವರು ತಮ್ಮ ಮನೆಯ ಗೋಡೆಯನ್ನೇ ನೋಡಲಿ. ಯಾರ ಫೋಟೋ ಇದೆ? ಕಿತ್ತೂರು ರಾಣಿ ಚೆನ್ನಮ್ಮ. 1824ರ ಅಕ್ಟೋಬರಿನಲ್ಲಿ ಥ್ಯಾಕರೆಯ ದಂಡನ್ನು ಕಿತ್ತೂರಿನ ಬಾಗಿಲಲ್ಲಿ ಮುರಿದವಳು. ಸಿದ್ದಾಪುರದಿಂದ ಆಚೆ ಸಾಗರದ ದಾರಿ ಹಿಡಿದರೆ ಕೆಳದಿ. ಅಲ್ಲಿಯ ಚೆನ್ನಮ್ಮ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದವಳು. ಬೆಳವಡಿ ಮಲ್ಲಮ್ಮ ಹೆಂಗಸರದೇ ಪಡೆ ಕಟ್ಟಿದಳೆಂದು ಹೇಳುತ್ತೇವೆ. ಮೂವರೂ ನಮ್ಮವರು ಎಂದು ಎದೆ ತಟ್ಟಿಕೊಳ್ಳುತ್ತೇವೆ. ಕುದುರೆ, ಕತ್ತಿ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಯಾರೋ ಕಲಿಸಿದರು, ಯಾರೋ ಕಲಿಯಲು ಬಿಟ್ಟರು. ಕಲಿಯುವಾಗ ಬಿದ್ದಿರಬೇಕು, ಮೈಗೆ ಗಾಯವಾಗಿರಬೇಕು. ಗೋಡೆಯ ಮೇಲಿನ ಚೆನ್ನಮ್ಮನಿಗೆ ಹಾರ ಹಾಕಿ, ಪಡಸಾಲೆಯಲ್ಲಿ ನಿಂತ ಮಗಳಿಗೆ ‘ಮೂಗು ಮುರಿದರೆ ಯಾರು ಕಟ್ಟಿಕೊಳ್ಳುತ್ತಾರೆ’ ಎನ್ನುವುದು ನ್ಯಾಯವೇ?

ಇಲ್ಲಿ ಹಿರಿಯರೊಬ್ಬರು ಒಂದು ಗಂಭೀರ ಪ್ರಶ್ನೆ ಎತ್ತಿದ್ದಾರೆ. ದಯೆಯೇ ಧರ್ಮದ ಬೇರು ಎನ್ನುವ ನಾವು ಇನ್ನೊಬ್ಬರ ಮುಖಕ್ಕೆ ಗುದ್ದುವ ಆಟವನ್ನು ಹೇಗೆ ಒಪ್ಪುವುದು? ಈ ಪ್ರಶ್ನೆಯನ್ನು ಹಾರಿಸಿ ಹೋಗಲಾರೆ. ದಯೆಗೆ ವಿರುದ್ಧವಾದದ್ದು ದ್ವೇಷ, ಮತ್ತು ಎದುರು ನಿಲ್ಲಲಾರದವರ ಮೇಲೆ ಕೈ ಮಾಡುವುದು. ಕಣದಲ್ಲಿ ಇಬ್ಬರೂ ಒಪ್ಪಿ ಬಂದವರು, ಸಮ ತೂಕದವರು, ನಿಯಮಕ್ಕೆ ಕಟ್ಟುಬಿದ್ದವರು. ಪಂದ್ಯ ಮುಗಿದ ಮೇಲೆ ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಾರೆ. ಕುಡಿದು ಬಂದು ಹೆಂಡತಿಯನ್ನು ಹೊಡೆಯುವವನಿಗೆ ಎಂಟು ಎಣಿಸಿ ನಿಲ್ಲಿಸುವ ರೆಫರಿ ಇದ್ದಾನೆಯೇ? ಆ ಹಿಂಸೆ ಪಕ್ಕದ ಮನೆಯಲ್ಲಿ ನಡೆದರೆ ಅದು ಅವರ ಮನೆಯ ವಿಷಯ ಎಂದು ಬಾಗಿಲು ಹಾಕಿಕೊಳ್ಳುತ್ತೇವೆ. ನಮ್ಮ ದಯೆಗೆ ಅಲ್ಲಿ ಮೊದಲು ಕೆಲಸವಿದೆ.

ಹಾಗೆಂದು ಅಪಾಯವನ್ನು ಮುಚ್ಚಿಡುವುದಿಲ್ಲ. ತಲೆಗೆ ಮತ್ತೆ ಮತ್ತೆ ಬೀಳುವ ಏಟು ಮಿದುಳಿಗೆ ಶಾಶ್ವತ ಹಾನಿ ಮಾಡಬಲ್ಲದು. 2004ರಲ್ಲಿ ಬಂದ ‘ಮಿಲಿಯನ್ ಡಾಲರ್ ಬೇಬಿ’ ಎಂಬ ಇಂಗ್ಲಿಷ್ ಚಿತ್ರದಲ್ಲಿ ಹೋಟೆಲಿನಲ್ಲಿ ಊಟ ಬಡಿಸುವ ಬಡ ಹುಡುಗಿಯೊಬ್ಬಳು ವೃತ್ತಿಪರ ಬಾಕ್ಸರ್ ಆಗುತ್ತಾಳೆ. ಕೊನೆಗೆ ಎದುರಾಳಿ ನಿಯಮ ಮೀರಿ ಹೊಡೆದ ಏಟಿನಿಂದ ಕುತ್ತಿಗೆ ಮುರಿದು ಹಾಸಿಗೆ ಹಿಡಿಯುತ್ತಾಳೆ. ಮಗಳು ಈ ದಾರಿ ಹಿಡಿದರೆ ಅಂಥದ್ದೂ ಆಗಬಹುದು ಎಂದು ತಿಳಿದೇ ಕಳಿಸಬೇಕು. ಆದ್ದರಿಂದ ಪಾಲಕರು ಕೇಳಬೇಕಾದ ಪ್ರಶ್ನೆಗಳಿವೆ. ಅಭ್ಯಾಸದಲ್ಲಿ ತಲೆಗವಚ ಹಾಕಿಸುತ್ತಾರೆಯೇ? ತಲೆಗೆ ಜೋರು ಏಟು ಬಿದ್ದ ಮೇಲೆ ವೈದ್ಯರು ಹೇಳುವವರೆಗೆ ಕಣದಿಂದ ದೂರ ಇಡುತ್ತಾರೆಯೇ? ತೂಕ ಇಳಿಸಲು ಉಪವಾಸ ಕೆಡವುತ್ತಾರೆಯೇ? ಹುಡುಗಿಯರ ಜೊತೆ ಪ್ರವಾಸಕ್ಕೆ ಹೆಣ್ಣು ತರಬೇತುದಾರರು ಹೋಗುತ್ತಾರೆಯೇ?

ಕೊನೆಯ ಪ್ರಶ್ನೆ ಸಣ್ಣದಲ್ಲ. 2023ರಲ್ಲಿ ಒಲಿಂಪಿಕ್ ಪದಕ ಗೆದ್ದ ನಮ್ಮ ಕುಸ್ತಿಪಟುಗಳೇ ಲೈಂಗಿಕ ಕಿರುಕುಳದ ದೂರಿನ ಬೆನ್ನಿಗೆ ನಿಂತು ದೆಹಲಿಯ ಜಂತರ್ ಮಂತರ್‌ನಲ್ಲಿ ಬೀದಿಯ ಮೇಲೆ ಕುಳಿತರು. ಇದನ್ನು ಕೇಳಿ, ಅದಕ್ಕೇ ಹೇಳುವುದು ಕಳಿಸಬೇಡಿ ಎಂದು ಕೆಲವರಿಗೆ ಅನ್ನಿಸಬಹುದು. ನಾನು ತಿಳಿದದ್ದು ಬೇರೆ. ಮನೆಯವರಿಗೆ ಹೇಳದೆ ಆಡುವ ಹುಡುಗಿಗೆ ಏನಾದರೂ ಆದರೆ ಅವಳು ಯಾರಿಗೆ ಹೇಳಬೇಕು? ಅಪ್ಪನಿಗೆ ಹೇಳಿದರೆ ಮೊದಲು ಆಟ ನಿಲ್ಲುತ್ತದೆ ಎಂದು ಬಾಯಿ ಮುಚ್ಚಿಕೊಳ್ಳುತ್ತಾಳೆ. ಕೆಟ್ಟವರಿಗೆ ಬೇಕಾದದ್ದು ಅದೇ. ಮಗಳ ಬೆನ್ನಿಗೆ ಮನೆ ಇದೆ, ಮಠ ಇದೆ ಎಂದು ಗೊತ್ತಾದರೆ ಅವಳ ಮೇಲೆ ಕೈಯಿಡಲು ಯಾರೂ ಹತ್ತು ಸಲ ಯೋಚಿಸುತ್ತಾರೆ.

ಇನ್ನೊಂದು ಸೂಕ್ಷ್ಮ ವಿಷಯ. ಬಾಕ್ಸಿಂಗ್ ಕಣದಲ್ಲಿ ಸರ, ಓಲೆ, ಮೂಗುತಿ ಏನೂ ಇರುವಂತಿಲ್ಲ. ಹಾಗಾದರೆ ಕೊರಳಿನ ಇಷ್ಟಲಿಂಗ? ಪ್ರಾಣ ಹೋದರೂ ಲಿಂಗ ಮೈಯಿಂದ ಅಗಲಬಾರದೆಂದು ಅಜ್ಜಿ ಹೇಳಿಕೊಟ್ಟದ್ದು ನೆನಪಾಗಿ ಆ ಹುಡುಗಿ ಅತ್ತದ್ದು ಇದೇ ಕಾರಣಕ್ಕೆ, ಏಟಿನ ನೋವಿಗಲ್ಲ. ಎಂಆರ್‌ಐ ಸ್ಕ್ಯಾನಿಂಗಿಗೆ ಹೋದಾಗ ಬೆಳ್ಳಿಯ ಕರಡಿಗೆ ತೆಗೆಸುತ್ತಾರೆ. ತೆಗೆದು ಮಗನ ಕೈಗೋ ಮಡದಿಯ ಕೈಗೋ ಕೊಟ್ಟು ಒಳಗೆ ಹೋಗಿ ಬರುತ್ತೇವೆ. ಧರ್ಮ ಕೆಟ್ಟಿತೆಂದು ಯಾರೂ ಅನ್ನುವುದಿಲ್ಲ. ಹತ್ತು ಹನ್ನೆರಡು ನಿಮಿಷದ ಪಂದ್ಯಕ್ಕೆ ಕಣದ ಪಕ್ಕದಲ್ಲಿ ಕುಳಿತ ತಾಯಿಯ ಅಂಗೈಯಲ್ಲಿ ಮಗಳ ಇಷ್ಟಲಿಂಗ ಇದ್ದರೆ, ಒಳಗಿನ ಪ್ರಾಣಲಿಂಗ ಅವಳ ಜೊತೆಗೇ ಇದೆಯಲ್ಲವೇ ಎಂದು ನನ್ನ ಅಲ್ಪ ಬುದ್ಧಿಗೆ ತೋರುತ್ತದೆ. ಇದರಲ್ಲಿ ಕೊನೆಯ ಮಾತು ಪೂಜ್ಯರದು. ಅದನ್ನು ಬಹಿರಂಗವಾಗಿ ಹೇಳಬೇಕೆಂದು ನನ್ನ ಬಿನ್ನಹ. ಇಂಥ ಭಯವನ್ನು ಹದಿನೆಂಟರ ಹುಡುಗಿ ಒಬ್ಬಳೇ ಹೊರಬಾರದು.

ಮುಗಿಸುವ ಮೊದಲು ಮೂರು ಬೇಡಿಕೆಗಳು. ಒಂದು, ನಮ್ಮ ಮಠಗಳ ಪ್ರಸಾದ ನಿಲಯಗಳು ನಾಡಿಗೆ ಎಷ್ಟೋ ಮಂದಿ ವೈದ್ಯರನ್ನು, ಅಧಿಕಾರಿಗಳನ್ನು, ಶಿಕ್ಷಕರನ್ನು ಕೊಟ್ಟಿವೆ. ಆಟ ಕಲಿಯಲು ಹುಬ್ಬಳ್ಳಿ, ಧಾರವಾಡ, ಬೆಳಗಾವಿಗೆ ಹೋಗುವ ಹೆಣ್ಣುಮಕ್ಕಳಿಗೂ ಅಲ್ಲೆಲ್ಲ ಕೆಲವು ಸ್ಥಾನ ಮೀಸಲಿಡಿ. ಅವರಿಗೆ ಎರಡು ಹೊತ್ತು ಹೆಚ್ಚು ಬೇಳೆ, ಹಾಲು, ಮೊಳಕೆಕಾಳು ಬೇಕು; ಅದೂ ದಾಸೋಹವೇ. ಎರಡು, ಊರಿನ ಮಠದ ಅಂಗಳ, ಸಭಾಭವನ ಕಾರ್ಯಕ್ರಮವಿಲ್ಲದ ದಿನ ಖಾಲಿ ಇರುತ್ತದೆ. ಬೆಳಿಗ್ಗೆ ಒಂದು ಗಂಟೆ ಹುಡುಗಿಯರ ವ್ಯಾಯಾಮಕ್ಕೆ ತೆರೆದಿಡಿ. ಗಂಡುಮಕ್ಕಳಿಗೆ ಗರಡಿಮನೆ ಕಟ್ಟಿದ ಊರುಗಳು ಹೆಣ್ಣುಮಕ್ಕಳಿಗೆ ಇಷ್ಟಾದರೂ ಮಾಡಲಿ. ಮೂರು, ಹೆಣ್ಣು ನೋಡಲು ಹೋದಾಗ ಬಣ್ಣ, ಮೂಗು, ಕಲೆ ಎಣಿಸುವುದನ್ನು ಇಲ್ಲಿ ಕುಳಿತ ಗಂಡುಮಕ್ಕಳ ತಾಯಂದಿರು ಮೊದಲು ನಿಲ್ಲಿಸಿ. ಆ ಹುಡುಗಿಯ ತಂದೆಯ ಭಯ ಅರ್ಧ ಕಡಿಮೆಯಾಗುವುದು ಅದರಿಂದ.

ಎಲ್ಲ ಹುಡುಗಿಯರೂ ಬಾಕ್ಸಿಂಗ್ ಕಲಿಯಲಿ ಎಂದು ನಾನು ಹೇಳುತ್ತಿಲ್ಲ. ಬಹಳ ಮಂದಿಗೆ ಅದು ಬೇಡ, ಬೇಕಾದವರಲ್ಲೂ ಗೆಲ್ಲುವವರು ಕೆಲವರೇ. ಆದರೆ ಕಾಯ ಅವಳದು, ಕಾಯಕ ಅವಳು ಆರಿಸಿಕೊಂಡದ್ದು, ದುಡಿಮೆ ಪ್ರಾಮಾಣಿಕವಾದದ್ದು ಎಂದ ಮೇಲೆ ಬಸವಣ್ಣನವರ ಮಕ್ಕಳಾದ ನಮ್ಮ ಬಳಿ ಬೇಡವೆನ್ನಲು ಯಾವ ಕಾರಣ ಉಳಿಯಿತು? ಮನೆಗೆ ಹೋಗಿ ಯೋಚಿಸಿ. ಮುಂದಿನ ತಿಂಗಳ ಗೋಷ್ಠಿಯಲ್ಲಿ ನಿಮ್ಮ ಉತ್ತರ ಕೇಳುತ್ತೇನೆ.